ರಾತ್ರಿ ಪಾಳಿಯ ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ಇದನ್ನು ನಿನ್ನ ಫೋನಿಗೆ ಮಾತ್ರ ಕಳಿಸಿದ್ದರೆ 'ಆಮೇಲೆ ಓದಿದರಾಯಿತು' ಎಂದು ಪಕ್ಕಕ್ಕಿಡುತ್ತೀಯ. ಅದಕ್ಕೇ ನಾಲ್ಕು ಜನರ ಕಣ್ಣಿಗೆ ಬೀಳುವಲ್ಲಿ ಹಾಕುತ್ತಿದ್ದೇನೆ. ಅವರು ಕೇಳಲು ಶುರು ಮಾಡಿದ ಮೇಲಾದರೂ ಓದು. ಪೇರಲ ಹಣ್ಣಿನ ಲೆಕ್ಕವನ್ನು ಮಾತ್ರ ಇಲ್ಲಿ ಎತ್ತುವುದಿಲ್ಲ, ಮಾತು ಕೊಟ್ಟಿದ್ದೇನೆ.

ಮೊನ್ನೆ ನವನಗರದ ಬಸ್ ನಿಲ್ದಾಣದ ಬಳಿ ನಿಮ್ಮ ಕಾಕಾ ಸಿಕ್ಕಿದ್ದರು. 'ಬೆಳಗಾವಿಯಲ್ಲಿ ಕಂಪ್ಯೂಟರ್ ಕೆಲಸವಂತೆ, ರಾತ್ರಿ ಪಾಳಿಯಂತೆ, ಹೌದೇನಪ್ಪಾ?' ಎಂದರು. ಹೌದು ಎಂದೆ. ಅದರಲ್ಲಿ ಸುಳ್ಳೇನೂ ಇಲ್ಲ. ಟಿಳಕವಾಡಿಯ ಬಾಡಿಗೆ ಕೋಣೆಯಲ್ಲಿ ರಾತ್ರಿ ಎರಡಕ್ಕೆ ಕೂತು, 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟವನ್ನು ಐದು ನಿಮಿಷದೊಳಗೆ ಮುಗಿಸುತ್ತಾನೆ, ಅಮೆರಿಕದವರು ತಮ್ಮ ಸಂಜೆಯ ಹೊತ್ತಿನಲ್ಲಿ ಅದನ್ನು ಇಂಟರ್ನೆಟ್ಟಿನ ನೇರಪ್ರಸಾರದಲ್ಲಿ ನೋಡಿ ಚಂದಾ ಕಟ್ಟುತ್ತಾರೆ, ಆ ದುಡ್ಡಿನಲ್ಲೇ ತಂಗಿಯ ಕಾಲೇಜಿನ ಶುಲ್ಕ ಹೋಗುತ್ತದೆ ಎಂದೆಲ್ಲ ಬಿಡಿಸಿ ಹೇಳುವ ಆಸೆಯಾಯಿತು. ಅಷ್ಟರಲ್ಲಿ ಅವರ ಬಸ್ ಬಂತು.

ನನಗಂತೂ ನಿನ್ನ ಕೆಲಸದ ಬಗ್ಗೆ ಹೆಮ್ಮೆ ಇದೆ. ಆಲಮಟ್ಟಿ ಹಿನ್ನೀರಿನ ಮುಳುಗಡೆಯ ನಂತರ ಹೊಸ ಸೆಕ್ಟರಿಗೆ ಬಂದ ಆ ಮನೆಯಲ್ಲಿ, 9999 ಆಟಗಳೆಂದು ಮೇಲೆ ಬರೆದಿದ್ದ ಹಳದಿ ಕ್ಯಾಸೆಟ್ಟಿಗೆ ಉಫ್ ಎಂದು ಊದಿ ಹಾಕುತ್ತಿದ್ದೆವಲ್ಲ, ಅದರೊಳಗೆ ಇಷ್ಟೊಂದು ಗುಟ್ಟುಗಳಿವೆ ಎಂದು ಯಾರಿಗೆ ಗೊತ್ತಿತ್ತು? ಆಟ ಸೆಕೆಂಡಿಗೆ ಸುಮಾರು 60 ಫ್ರೇಮ್, ಅಂದರೆ 60 ಬಿಡಿ ಚಿತ್ರ, ಓಡುತ್ತದೆ, ಆದರೆ ಒಂದು ಹಂತ ಮುಗಿಯಿತೇ ಎಂದು ಅದು ನೋಡುವುದು 21 ಫ್ರೇಮ್‌ಗೊಮ್ಮೆ ಮಾತ್ರ. ಆಟವನ್ನು ಅತಿ ವೇಗವಾಗಿ ಮುಗಿಸುವ ನಿಮ್ಮ ಓಟಗಾರರೆಲ್ಲ ಇದನ್ನು ಬಸ್ಸಿಗೆ ಹೋಲಿಸುತ್ತಾರೆ ಎಂದು ನೀನೇ ಹೇಳಿಕೊಟ್ಟಿದ್ದೆ. ಎಷ್ಟು ಬೇಗ ನಿಲ್ದಾಣಕ್ಕೆ ಬಂದರೂ ಬಸ್ಸು ಹೊರಡುವುದು ತನ್ನ ಹೊತ್ತಿಗೇ. ಕೂದಲೆಳೆಯಷ್ಟು ತಡವಾದರೆ ಮುಂದಿನ ಬಸ್ಸೇ ಗತಿ, 0.35 ಸೆಕೆಂಡ್ ಹೋಯಿತು. ಕೊನೆಯ ಹಂತವಾದ 8-4ರಲ್ಲಿ ಮಾತ್ರ ಬಸ್ಸೂ ಇಲ್ಲ, ಕಾಯುವುದೂ ಇಲ್ಲ. ಅಲ್ಲಿ ಪ್ರತಿಯೊಂದು ಫ್ರೇಮೂ ಲೆಕ್ಕಕ್ಕೆ ಬರುತ್ತದೆ. 2021ರ ಏಪ್ರಿಲ್‌ನಲ್ಲಿ ನಿಫ್ಟ್‌ಸ್ಕಿ ಎಂಬ ಓಟಗಾರ 4 ನಿಮಿಷ 54.948 ಸೆಕೆಂಡಿಗೆ ಮುಗಿಸಿ, 4:55ರ ಗಡಿಯನ್ನು ಮೊದಲ ಬಾರಿಗೆ ಮುರಿದಾಗ ನಸುಕಿನಲ್ಲೇ ನನ್ನನ್ನು ಎಬ್ಬಿಸಿದ್ದೆ. ಮನೆಯಲ್ಲಿ ಏನೋ ಆಗಿದೆ ಎಂದು ಗಾಬರಿಯಾಗಿ ಫೋನ್ ಎತ್ತಿದರೆ ನೀನು ಸಂತೋಷಕ್ಕೆ ಅಳುತ್ತಿದ್ದೆ. ಪರರ ದಾಖಲೆಗೆ ಹಾಗೆ ಅಳುವವನು ಆ ಆಟಕ್ಕೆ ತಕ್ಕವನು ಎಂದು ಅಂದೇ ಅನ್ನಿಸಿತ್ತು.

ಇಷ್ಟನ್ನೇ ಬರೆದು ಮುಗಿಸೋಣವೆಂದಿದ್ದೆ. ಆದರೆ ನಿನ್ನೆ ರಾತ್ರಿಯ ಮಾತನ್ನು ಹೇಳದಿರಲಾರೆ.

ಎದೆಬಡಿತ ಅಳೆಯುವ ಪಟ್ಟಿಯನ್ನು ಕಟ್ಟಿಕೊಂಡು ಆಡುತ್ತೀಯಲ್ಲ, ಆ ಅಂಕಿ ಪರದೆಯ ಮೂಲೆಯಲ್ಲಿ ಕಾಣುತ್ತಿರುತ್ತದೆ. ಅದು ಏರಿದಷ್ಟೂ ನೋಡುವವರಿಗೆ ಹುರುಪು. ನಿನ್ನೆ 8-4ರ ಕೊನೆಯ ಕೋಣೆಯಲ್ಲಿ, ಕೊನೆಯ ಶತ್ರು ಬೌಸರ್ ಎದುರಿಗೆ ಅದು 171 ಇತ್ತು. ಓಟ ಅಲ್ಲೇ ಸತ್ತಿತು. ನೀನು ಕಂಟ್ರೋಲರ್ ಕೆಳಗಿಟ್ಟು ನಕ್ಕೆ. ಯಾರೋ ಕಳಿಸಿದ ಹಣಕ್ಕೆ ಕೈಮುಗಿದೆ. ಸ್ಟೀಲ್ ಲೋಟದಿಂದ ಚಹಾ ಕುಡಿದೆ. 168. ಕೆನಡಾದವನೊಬ್ಬ ಕೇಳಿದ್ದಕ್ಕೆ ಕುಂದಾ ಎಂದರೇನು, ಹಾಲನ್ನು ಎಷ್ಟು ಹೊತ್ತು ಕುದಿಸಿ ಇಳಿಸಬೇಕು ಎಂದು ಸಾವಕಾಶವಾಗಿ ವಿವರಿಸಿದೆ. 165. ಕುರ್ಚಿಯಿಂದ ಎದ್ದಿರಲಿಲ್ಲ, ಆಡುತ್ತಲೂ ಇರಲಿಲ್ಲ, ಮುಖದ ತುಂಬ ನಗು. ಅಂಕಿ ಮಾತ್ರ ಇಳಿಯಲಿಲ್ಲ. ಮತ್ತೆ ಮೊದಲ ಹಂತ 1-1ರಿಂದ ಶುರು ಮಾಡಿದೆ.

ನಿನ್ನ ಪ್ರೇಕ್ಷಕರು ಮಾರಿಯೋನನ್ನು ನೋಡುತ್ತಾರೆ. ನಾನು ಆ ಅಂಕಿಯನ್ನು ನೋಡುತ್ತೇನೆ. ಅಪ್ಪನ ಕೊನೆಯ ವಾರದಲ್ಲಿ ಆಸ್ಪತ್ರೆಯಲ್ಲಿ ನಾನು ಮಾಡಿದ್ದು ಅದೊಂದೇ ಕೆಲಸ. ಹಾಸಿಗೆಯ ಪಕ್ಕದ ಯಂತ್ರದಲ್ಲಿ ಹಸಿರು ಅಂಕಿ. ಅಪ್ಪ ನಗುನಗುತ್ತಾ ಈ ಸಲದ ಜೋಳದ ಧಾರಣೆ ಕೇಳುತ್ತಿದ್ದರು, ಅವ್ವನಿಗೆ ಊಟವಾಯಿತೇ ಎನ್ನುತ್ತಿದ್ದರು. ನೋಡಲು ಬಂದವರೆಲ್ಲ 'ಆರಾಮಾಗಿದ್ದಾರೆ' ಎಂದು ಹೇಳಿ ಹೋದರು. ನಾನೊಬ್ಬನೇ ಯಂತ್ರದ ಕಡೆ ನೋಡುತ್ತಿದ್ದೆ.

ಅಪ್ಪ ಹೋದ ಮೇಲೆ ನನಗೆ ರಾತ್ರಿ ನಿದ್ರೆ ಹತ್ತುವುದಿಲ್ಲ. ಎಲ್ಲರೂ ಮಲಗಿದ ಮೇಲೆ ದನಿ ಸಣ್ಣದು ಮಾಡಿ ನಿನ್ನ ಪ್ರಸಾರ ಹಚ್ಚಿಕೊಂಡು ಮಲಗುತ್ತೇನೆ. ನಿನ್ನ ಚಾಟಿನಲ್ಲಿ 'ಮುಳುಗಡೆ' ಎಂಬ ಹೆಸರಿನವನೊಬ್ಬ ಬಂದು ಏನೂ ಬರೆಯದೆ ಇರುತ್ತಾನಲ್ಲ, ಒಮ್ಮೆ 'ಯಾವ ಊರು ತಮ್ಮಾ?' ಎಂದು ಕೇಳಿದ್ದೆಯಲ್ಲ, ಅದು ನಾನು. ಉತ್ತರ ಬರೆದಿದ್ದರೆ ನೀನು ಆಟ ನಿಲ್ಲಿಸಿ ಫೋನ್ ಮಾಡುತ್ತಿದ್ದೆ. ನನಗೆ ಆಗ ಸಮಾಧಾನದ ಮಾತು ಬೇಕಿರಲಿಲ್ಲ. ಗೊತ್ತಿರುವ ದನಿಯೊಂದು ತನ್ನ ಪಾಡಿಗೆ ಮಾತಾಡುತ್ತಿದ್ದರೆ ಸಾಕಿತ್ತು. ಅವ್ವನಿಗೂ ಇದನ್ನು ಹೇಳಿಲ್ಲ.

ಇರಲಿ. ಬರೆಯಲು ಕೂತದ್ದು ಇದಕ್ಕಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಈ ವಾರವೇ ಡಾಕ್ಟರಿಗೆ ತೋರಿಸು, ಇಸಿಜಿ ತೆಗೆಸು. ಕೂತಲ್ಲೇ 165 ಎಂದು ಅವರಿಗೆ ಸ್ಪಷ್ಟವಾಗಿ ಹೇಳು, 'ಸ್ವಲ್ಪ ಸುಸ್ತು' ಎಂದು ಹಾರಿಸಬೇಡ. ರಾತ್ರಿಯ ಚಹಾ ಕಡಿಮೆ ಮಾಡು. ನಿನ್ನ ದಾಖಲೆಯ ಫ್ರೇಮುಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ಭಾನುವಾರ ಯರಗಟ್ಟಿ ಮಾರ್ಗದ ಮೊದಲ ಬಸ್ಸಿಗೆ ಹೊರಡುತ್ತೇನೆ. ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು ಕಟ್ಟಿಕೊಡುತ್ತಾಳಂತೆ, ಕೆನಡಾದವನಿಗೂ ತೋರಿಸು. ಬೆಳಗಾವಿಯಲ್ಲಿ ಮಳೆ ಹಿಡಿದಿದೆ ಎಂದು ಕೇಳಿದೆ. ಛತ್ರಿ ತರುತ್ತೇನೆ. ಹೌದು, ಅದೇ ಛತ್ರಿ. ನಗಬೇಡ.

ಇಂತಿ ನಿನ್ನ ಗೆಳೆಯ,
ನವನಗರ, ಬಾಗಲಕೋಟೆ