ನಿಂತು ಅಳೆದ ಲೆಕ್ಕ

ಕೂಸೇ,

ರಕ್ತಪರೀಕ್ಷೆಯಲ್ಲಿ ಏನೂ ಇಲ್ಲ, ಆದರೂ ಎದ್ದು ನಿಂತರೆ ತಲೆ ಧಿಮ್ ಧಿಮ್ ಅನ್ನುತ್ತದೆ, ನೆತ್ತಿ ಬಿಗಿದಂತಾಗುತ್ತದೆ ಅಂತ ಬರೆದಿದ್ದೀಯ. ಆಸ್ಪತ್ರೆಯಲ್ಲಿ ಬಿಪಿ ನೋಡಿದ್ದು ಕುರ್ಚಿಯಲ್ಲಿ ಕೂರಿಸಿ. ತ್ರಾಸು ಬರುವುದು ನಿಂತಾಗ. ಮುಂದಿನ ಸಲ ಹೋಗುವಾಗ ನಿಂತು ಅಳೆದ ಲೆಕ್ಕ ಕೈಯಲ್ಲಿರಲಿ.

ಎದ್ದ ಕೂಡಲೇ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹೊಟ್ಟೆಗೂ ಕಾಲಿಗೂ ಇಳಿಯುತ್ತದೆ. ಕುತ್ತಿಗೆಯ ನಾಳದಲ್ಲಿರುವ ನರತುದಿಗಳು ಅದನ್ನು ಗುರುತಿಸಿ ನಾಳಗಳನ್ನು ಬಿಗಿಸುತ್ತವೆ, ಎದೆಬಡಿತ ಏರಿಸುತ್ತವೆ. ಇದು ತಡವಾದರೂ ಅತಿಯಾದರೂ ತಲೆಗೆ ಗೊತ್ತಾಗುತ್ತದೆ.

ಬೆಳಿಗ್ಗೆ ಚಹಾ, ತಿಂಡಿಗೆ ಮೊದಲು ಅಳೆ. ಹತ್ತು ನಿಮಿಷ ಮಲಗಿ ಬಿಪಿ, ನಾಡಿ ಎರಡೂ ಬರೆದುಕೋ. ಆಮೇಲೆ ಹಿಮ್ಮಡಿ ಗೋಡೆಯಿಂದ ಅರ್ಧ ಅಡಿ ದೂರವಿಟ್ಟು, ಬೆನ್ನು ಮಾತ್ರ ಗೋಡೆಗೆ ಆನಿಸಿ ನಿಲ್ಲು. ಕಾಲು ಅಲ್ಲಾಡಿಸಬೇಡ, ಮಾತು ಬೇಡ. 1, 3, 5, 10ನೇ ನಿಮಿಷಕ್ಕೆ ಅಳೆ. ರೂಮಿನವಳು ಪಕ್ಕದಲ್ಲಿರಲಿ, ಕಣ್ಣು ಕತ್ತಲೆ ಬಂದರೆ ಅಲ್ಲಿಗೇ ನಿಲ್ಲಿಸಿ ಮಲಗು. ಎಲ್ಲರೂ ಎಡವುವುದು ಕೈಯ ವಿಷಯದಲ್ಲಿ. ಪಟ್ಟಿ ಕಟ್ಟಿದ ತೋಳು ಜೋತುಬಿದ್ದರೆ ಮೆಷಿನ್ ಹೆಚ್ಚು ತೋರಿಸುತ್ತದೆ, ಇಳಿದ ಬಿಪಿ ಮುಚ್ಚಿಹೋಗುತ್ತದೆ. ತೋಳು ಎದೆಯ ಮಟ್ಟಕ್ಕೆ ಬರುವಂತೆ ಕೈಯನ್ನು ಕಪಾಟಿನ ಮೇಲಿಡು.

ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ನಿಂತಾಗ ಬಿಪಿ ಬೀಳುತ್ತಿದೆ ಎಂದರ್ಥ. ಬಿಪಿ ಇಳಿಯದೆ ಹತ್ತು ನಿಮಿಷದೊಳಗೆ ನಾಡಿ 30 ಏರಿ (19ರವರೆಗಿನ ಹುಡುಗಿಯರಿಗೆ 40) ಹಾಗೇ ಇದ್ದು, ತ್ರಾಸು ಮೂರು ತಿಂಗಳು ದಾಟಿದ್ದರೆ ಡಾಕ್ಟರು ‘ಪಾಟ್ಸ್’ (POTS, ನಿಂತಾಗ ನಾಡಿ ವಿಪರೀತ ಏರುವ ತೊಂದರೆ) ಬಗ್ಗೆ ಯೋಚಿಸುತ್ತಾರೆ. ಅದಕ್ಕೂ ಮೊದಲು ರಕ್ತ ಕಡಿಮೆಯೋ, ಥೈರಾಯ್ಡೋ, ಬರೀ ನೀರು ಸಾಲದ್ದೋ ನೋಡಬೇಕು. ಅಂಕಿ ಸರಿ ಇದ್ದರೂ ನೀನು ಸುಳ್ಳು ಹೇಳಿದಂತಲ್ಲ: ಮೊದಲ ಹದಿನೈದು ಸೆಕೆಂಡಿನ ಕುಸಿತ ಈ ಮೆಷಿನ್‌ಗೆ ಸಿಗುವುದೇ ಇಲ್ಲ, ಪಟ್ಟಿ ಉಬ್ಬುವಷ್ಟರಲ್ಲಿ ಅದು ಮುಗಿದಿರುತ್ತದೆ.

ಮಲಗಿದರೆ ತಲೆನೋವು ಏನಾಗುತ್ತದೆ ಅನ್ನುವುದನ್ನೂ ಬರೆ. ಮಲಗಿದ ಸ್ವಲ್ಪ ಹೊತ್ತಿಗೆ ಇಳಿದು, ನಿಂತಷ್ಟು ಹೊತ್ತೂ ಏರುತ್ತಿದ್ದರೆ ಬೆನ್ನುಹುರಿಯ ಸುತ್ತಲಿನ ದ್ರವ ಸೋರುತ್ತಿರಬಹುದು. ಮಲಗಿದಾಗ, ಬಗ್ಗಿದಾಗಲೇ ಹೆಚ್ಚಾದರೆ, ಕಿವಿಯಲ್ಲಿ ನಾಡಿ ಬಡಿದಂತೆ ಸುಂಯ್ ಸುಂಯ್ ಕೇಳಿಸಿದರೆ, ಎದ್ದಾಗ ದೃಷ್ಟಿ ಕ್ಷಣಹೊತ್ತು ಮಸುಕಾದರೆ ತಲೆಯೊಳಗಿನ ಒತ್ತಡ ಏರಿರಬಹುದು. ಕಣ್ಣಿನ ಡಾಕ್ಟರು ಏನಿಲ್ಲ ಅಂದರಂತೆ. ಹನಿ ಹಾಕಿ ಪಾಪೆ ಹಿಗ್ಗಿಸಿ, ಈ ಒತ್ತಡದ ಗುರುತು ಕಾಣುವ ಹಿಂದಿನ ನರ ನೋಡಿದರೋ, ಬರೀ ಕನ್ನಡಕದ ನಂಬರ್ ನೋಡಿದರೋ? ಕೇಳು. ಮೊಡವೆಗೆ ಡಾಕ್ಸಿಸೈಕ್ಲಿನ್ ಅಥವಾ ಐಸೊಟ್ರೆಟಿನಾಯಿನ್ ನುಂಗುತ್ತಿದ್ದರೆ ಮುಚ್ಚಿಡದೆ ಹೇಳು, ಅವೂ ಈ ಒತ್ತಡ ಏರಿಸಬಲ್ಲವು.

ಸದ್ಯಕ್ಕೆ, ಏಳುವ ಮೊದಲು ಹಾಸಿಗೆಯಲ್ಲೇ ಅರ್ಧ ಲೀಟರ್ ನೀರು ಬೇಗ ಬೇಗ ಕುಡಿ, ಪಾದ ಮೇಲೆ ಕೆಳಗೆ ಆಡಿಸು, ಅಂಚಿಗೆ ಕೂತು ಆಮೇಲೆ ನಿಲ್ಲು. ಕಾರವಾರದ ಮೇ ತಿಂಗಳ ಬೆವರಿಗೆ ಬರೀ ನೀರು ಸಾಲುವುದಿಲ್ಲ. ಗಂಜಿ ತಿಳಿ, ಮಜ್ಜಿಗೆ, ಅಪ್ಪೆಹುಳಿ ಎಲ್ಲಕ್ಕೂ ಉಪ್ಪು ಸರಿಯಾಗಿ ಬೀಳಲಿ. ಅದಕ್ಕಿಂತ ಹೆಚ್ಚಿನ ಉಪ್ಪು ಡಾಕ್ಟರು ಹೇಳಿದರೆ ಮಾತ್ರ. ಸುಡುನೀರಿನ ಸ್ನಾನ, ಒಮ್ಮೆಲೇ ಹೊಟ್ಟೆ ಬಿರಿಯುವಷ್ಟು ಅನ್ನ ಎರಡೂ ಬೇಡ. ಮಾರಿಕಾಂಬಾ ಜಾತ್ರೆಯಂಥ ಸಾಲಿನಲ್ಲಿ ನಿಲ್ಲಬೇಕಾದರೆ ಕಾಲು ಅಡ್ಡಹಾಕಿ ತೊಡೆ ಬಿಗಿಹಿಡಿ. ರಕ್ತ ಕೆಳಗಿಳಿಯದಂತೆ ಹಾಕುವ ಬಿಗಿ ಸಾಕ್ಸಲ್ಲಿ ಮೊಣಕಾಲವರೆಗಿನದಕ್ಕೆ ದುಡ್ಡು ಹಾಕಬೇಡ, ರಕ್ತ ಹೆಚ್ಚು ನಿಲ್ಲುವುದು ಹೊಟ್ಟೆಯಲ್ಲಿ. ಸೊಂಟದವರೆಗಿನದನ್ನು ಆ ಸೆಕೆಯಲ್ಲಿ ಯಾರು ಹಾಕುತ್ತಾರೆ? ಚೂಡಿದಾರದೊಳಗೆ ಹೊಟ್ಟೆಪಟ್ಟಿ ಕಟ್ಟಿಕೊಂಡರೆ ತಡೆದುಕೊಳ್ಳಬಹುದು.

ಸಿಡಿಲು ಬಡಿದಂತೆ ಒಮ್ಮೆಲೇ ತಲೆನೋವು, ಮಾತು ತೊದಲು, ಒಂದು ಕೈಕಾಲಿಗೆ ಬಲವಿಲ್ಲದ್ದು, ದೃಷ್ಟಿ ಹೋದದ್ದು, ಜ್ವರದ ಜೊತೆ ಕುತ್ತಿಗೆ ಬಿಗಿತ, ಓಡುವಾಗ ಎಚ್ಚರ ತಪ್ಪಿದ್ದು: ಇವುಗಳಲ್ಲಿ ಒಂದಾದರೂ ಬೆಳಗಾಗಲಿ ಅಂತ ಕಾಯಬೇಡ, ದೊಡ್ಡ ಆಸ್ಪತ್ರೆಗೆ ಹೋಗು.

ಬಿಪಿ ಮೆಷಿನ್ ಶನಿವಾರ ಶಿರಸಿಯಿಂದ ಬಸ್ಸಿಗೆ ಹಾಕುತ್ತೇನೆ. ತೋಳಿಗೆ ಕಟ್ಟುವುದೇ, ಮಣಿಕಟ್ಟಿನದಲ್ಲ. ಪಟ್ಟಿ ನಿನ್ನ ತೋಳಿಗೆ ಸಡಿಲವಾದರೆ ಹೇಳು, ಚಿಕ್ಕ ಅಳತೆಯದು ಬೇರೆ ಸಿಗುತ್ತದೆ.

ಆಯಿ