ಮೊದಲ ಅಕ್ಷರಕ್ಕೆ ಮುಂಚೆ

ಪುಟ್ಟೀ,

ಈ ಕಾಗದವನ್ನು ನಿನ್ನ ಪದಗಳ ಫೈಲಿನ ಹಿಂದಿನ ಜೇಬಿನಲ್ಲಿ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ನೀನೂ ಅಪ್ಪನೂ ಸ್ಪೆಲ್ಲಿಂಗ್ ಬೀಗೆ, ಇಂಗ್ಲಿಷ್ ಪದಗಳ ಅಕ್ಷರ ಬಾಯಲ್ಲಿ ಹೇಳುವ ಸ್ಪರ್ಧೆಗೆ, ವಾಷಿಂಗ್ಟನ್ನಿಗೆ ಹೊರಡುವವರು, ಇವತ್ತು ರಾತ್ರಿ ಜಗಳ ಬೇಕಿರಲಿಲ್ಲ. ದನಿ ಏರಿಸಿದ್ದು ನಾನೇ. ಎಂಟನೇ ತರಗತಿ ಮುಗಿದರೆ ಮತ್ತೆ ಸ್ಪೆಲ್ಲಿಂಗ್ ಬೀ ಇಲ್ಲ ಅಂತ ನೆನಪಿಸಿದ್ದಂತೂ ಕೆಟ್ಟ ಮಾತು. ಕ್ಷಮಿಸು. ಆದರೆ ಜಗಳದ ವಿಷಯದಲ್ಲಿ, ಅಂದರೆ ಮೊದಲ ಅಕ್ಷರಕ್ಕೆ ಮುಂಚೆ ಪ್ರಶ್ನೆ ಕೇಳಲೇಬೇಕು ಅನ್ನುವುದರಲ್ಲಿ, ನಾನು ಇನ್ನೂ ಸೋತಿಲ್ಲ.

"2025ರಲ್ಲಿ ಫೈಜಾನ್ ಝಾಕಿ ಕೊನೆಯ ಪದಕ್ಕೆ ಒಂದೂ ಪ್ರಶ್ನೆ ಕೇಳದೇ ಗೆಲ್ಲಲಿಲ್ಲವಾ?" ಅಂತ ನೀನು ಕೇಳಿದೆ. ಗೆದ್ದ, ನಿಜ. ಅದೇ ರಾತ್ರಿ ಅದಕ್ಕೆ ಮುಂಚೆ ಏನಾಯಿತು? ಉಳಿದಿಬ್ಬರೂ ತಪ್ಪಿದ್ದರು, ಕಪ್ ಇವನ ಕೈಗೆ ಬರಬೇಕಿತ್ತು. ಪದ ಕಾಮಲೈನಾ. ಅರ್ಥ ಕೇಳಲಿಲ್ಲ, ಮೂಲ ಕೇಳಲಿಲ್ಲ, ಕೆ, ಎ, ಎಂ ಅಂದೇಬಿಟ್ಟ. ಅಲ್ಲಿಗೆ ಬಾಯಿ ಕಟ್ಟಿತು. ಬೇಕಿದ್ದದ್ದು ಸಿ, ಓ, ಎರಡು ಎಂ, ಇ, ಎಲ್, ಐ, ಎನ್, ಎ. ಮತ್ತೆ ಮೊದಲಿನಿಂದ ಶುರು ಮಾಡಬಹುದು, ಆದರೆ ಬಾಯಿಂದ ಬಿದ್ದ ಅಕ್ಷರವನ್ನಾಗಲಿ ಅದರ ಕ್ರಮವನ್ನಾಗಲಿ ಬದಲಿಸುವಂತಿಲ್ಲ. ಕೆ ಅಂದರೆ ಕೆ, ಅಷ್ಟೇ. ಕೇಳಿದ್ದರೆ ಗಿಡಗಳ ಒಂದು ಕುಲ, ಡಚ್ ಮನೆತನವೊಂದರ ಹೆಸರಿನ ಮೇಲೆ ಕಟ್ಟಿದ ಲ್ಯಾಟಿನ್ ಹೆಸರು ಅಂತ ತಿಳಿಯುತ್ತಿತ್ತು. ಉತ್ತರ ಸಿಗದಿದ್ದರೂ ಆ ಕೆ ಮೇಲೆ ಒಂದು ಅನುಮಾನವಾದರೂ ಹುಟ್ಟುತ್ತಿತ್ತು.

ಉದ್ದದ ಪದಗಳಿಗೆ ನನಗೆ ಹೆದರಿಕೆಯಿಲ್ಲ. ಹೆದರಿಕೆ ಶ್ವಾದ್ದು, ಅಂದರೆ ಸೊರಗಿದ ಸ್ವರದ್ದು. ಒತ್ತು ಬೀಳದ ಕಡೆ ಇಂಗ್ಲಿಷಿನ ಸ್ವರಗಳು ಸೊರಗಿ ಹೆಚ್ಚುಕಡಿಮೆ ನಮ್ಮ ‘ಅ’ದ ಹಾಗೆ ಕೇಳುತ್ತವೆ. ನಮಗೆ ಆ ದನಿಗೆ ಒಂದೇ ಅಕ್ಷರ. ಅಲ್ಲಿ ಎ, ಇ, ಐ, ಓ, ಯು ಐದೂ ಅದೇ ಮುಸುಕು ಹಾಕಿಕೊಂಡು ಬರುತ್ತವೆ, ಬರೀ ಕಿವಿಯಿಂದ ಮುಸುಕು ತೆಗೆಯಲಾಗದು. 2023ರ ಗೆಲುವಿನ ಪದ ನೋಡು. ಕಿವಿಗೆ ಬೀಳುವುದು ‘ಸ್ಯಾಮಫೈಲ್’ ಅಷ್ಟೇ. ದೇವ್ ಶಾ ಗ್ರೀಕ್ ಬೇರುಗಳನ್ನು ಕೇಳಿ ಖಚಿತ ಮಾಡಿಕೊಂಡೇ ಶುರು ಮಾಡಿದ. ಮರಳು ಎನ್ನುವ ಬೇರು ಸಿಕ್ಕರೆ ಶುರುವಿನ ಮೂಕ ಪಿ ಸಿಕ್ಕಿತು, ಜೋಡಿ ಎಂ ಸಿಕ್ಕಿತು. ‘ಫ’ ದನಿಗೆ ಗ್ರೀಕಿನಲ್ಲಿ ಪಿ, ಎಚ್. ನಡುವಿನ ಸೊರಗಿದ ಸ್ವರ? ಗ್ರೀಕ್ ಬೇರುಗಳೆರಡನ್ನು ಹೊಲಿಯುವ ದಾರ ಸಾಮಾನ್ಯವಾಗಿ ಓ, ಲ್ಯಾಟಿನ್ನಿಗಾದರೆ ಐ. ಪಿ, ಎಸ್, ಎ, ಎರಡು ಎಂ, ಓ, ಪಿ, ಎಚ್, ಐ, ಎಲ್, ಇ. 11 ಅಕ್ಷರ, ಊಹೆ ಒಂದೂ ಇಲ್ಲ.

ಹಾಗಾಗಿ ಮೊದಲು ಪದವನ್ನು ನೀನೇ ತಿರುಗಿ ಹೇಳು. ‘ಬ’ವೋ ‘ವ’ವೋ ಎನ್ನುವ ಗೊಂದಲ ಅಲ್ಲೇ ತೀರಲಿ. ಆಮೇಲೆ ಅರ್ಥ, ಆಮೇಲೆ ಮೂಲ ಭಾಷೆ. ನೀನು ಯಾವಾಗಲೂ ಬಿಡುವ ಪ್ರಶ್ನೆ ಇನ್ನೊಂದಿದೆ: ಬೇರೆ ಉಚ್ಚಾರ ಇದೆಯಾ? ಒಂದು ಉಚ್ಚಾರದಲ್ಲಿ ಸೊರಗಿದ ಸ್ವರ ಇನ್ನೊಂದರಲ್ಲಿ ಕೆಲವೊಮ್ಮೆ ಪೂರ್ತಿ ಬಾಯಿ ತೆರೆದು ನಿಲ್ಲುತ್ತದೆ. ವ್ಯಕ್ತಿ ಅಥವಾ ಊರಿನ ಹೆಸರಿನಿಂದ ಬಂದ ಪದ ಅಂತ ಗೊತ್ತಾದರೆ ನಿಯಮವನ್ನೆಲ್ಲ ಪಕ್ಕಕ್ಕಿಡು, ಅಲ್ಲಿ ನೆನಪೊಂದೇ ಗತಿ. ಅಂಗೈ ಮೇಲೆ ಬೆರಳಿಂದ ಬರೆದು ನೋಡಿ, ಆಮೇಲೆ ಬಾಯಿ ಬಿಡು.

ನೋಡು, ಕ್ಷಮೆ ಕೇಳಲು ಕೂತವಳು ಮತ್ತೆ ಪಾಠಕ್ಕಿಳಿದೆ.

ನಿನ್ನ ಮಾತು ಸರಿಯಾಗುವ ಒಂದು ಜಾಗವಿದೆ, ಅದನ್ನೂ ಒಪ್ಪಿಬಿಡುತ್ತೇನೆ. ಸ್ಪೆಲ್-ಆಫ್, ಕೊನೆಗೆ ಗೆದ್ದವರು ತೀರ್ಮಾನವಾಗದಿದ್ದಾಗಿನ ವೇಗದ ಸುತ್ತು. 90 ಸೆಕೆಂಡು, ಯಾರದು ಹೆಚ್ಚು ಸರಿಯೋ ಅವರದು. 2024ರಲ್ಲಿ ಬೃಹತ್ ಸೋಮ 29 ಪದ ಸರಿ ಹೇಳಿದ, ಝಾಕಿ 20. ಅಲ್ಲಿ ಮೂಲ ಭಾಷೆ ಕೇಳುತ್ತಾ ನಿಂತರೆ ಆಯಿತು ಕಥೆ. ಗೊತ್ತಿಲ್ಲದ ಪದಕ್ಕೆ ಏನೋ ಒಂದು ಹೇಳಿ ಮುಂದಕ್ಕೆ ಹೋಗು. ಆ ವೇಗ ನಿನಗಿದೆ, ನನಗಿಲ್ಲ. ಪಟ್ಟಿಯ 4,000 ಪದ ಮುಗಿಸಿ ನೀನಾಗಿಯೇ ದೊಡ್ಡ ಡಿಕ್ಷನರಿಗೆ ಕೈ ಹಾಕಿದವಳು. ಅದನ್ನು ನೆಂಟರಿಗೆಲ್ಲ ಹೇಳಿದ್ದೇನೆ, ನಿನಗೆ ಮಾತ್ರ ಹೇಳಿರಲಿಲ್ಲ.

ಅರ್ಥದ ಸುತ್ತಿನಲ್ಲಿ ಆಯ್ಕೆಗಳನ್ನು ಪೂರ್ತಿ ಓದಿಸಿಕೋ. 2022ರಲ್ಲಿ ಹರಿಣಿ ಲೋಗನ್ ಆ ಸುತ್ತಿನಲ್ಲೇ ಹೊರಬಿದ್ದಿದ್ದಳು. ಅವಳ ಉತ್ತರಕ್ಕೂ ಡಿಕ್ಷನರಿಯಲ್ಲಿ ಆಧಾರವಿದೆ ಅಂತ ತೀರ್ಪುಗಾರರು ವಾಪಸ್ ಕರೆದರು, ಕಪ್ಪೂ ಅವಳದೇ ಆಯಿತು. ತಪ್ಪು ಅಂತ ಬೆಲ್ ಹೊಡೆದರೂ ತಕ್ಷಣ ಅಳಬೇಡ ಅನ್ನೋದಕ್ಕೆ ಹೇಳಿದೆ. ಅಳು ಬಂದರೆ ಅಳು, ಅದಕ್ಕೂ ನನ್ನ ಅಪ್ಪಣೆ ಬೇಕಿಲ್ಲ.

ಹೋಟೆಲಿನಲ್ಲಿ ಅಪ್ಪನ ಹತ್ತಿರ ಫ್ರೆಂಚ್ ಪದ ಮಾತ್ರ ಓದಿಸಿಕೊಳ್ಳಬೇಡ. ಪ್ರತಿ ಅಕ್ಷರವನ್ನೂ ಕನ್ನಡದ ಹಾಗೆ ನಿಯತ್ತಿನಿಂದ ಉಚ್ಚರಿಸುತ್ತಾರೆ, ಕಿವಿ ಕೆಟ್ಟುಹೋಗುತ್ತದೆ. ಮೆರಿಯಂ-ವೆಬ್‌ಸ್ಟರ್ ಡಿಕ್ಷನರಿಯ ಧ್ವನಿಯನ್ನೇ ಕೇಳು. ಸುತ್ತು ಮುಗಿದ ಕೂಡಲೇ ಫೋನ್ ಮಾಡು. ಪದ ಯಾವುದು, ಏನು ಕೇಳಿದೆ ಅಂತ ನಾನು ವಿಚಾರಿಸುವುದಿಲ್ಲ. ಪ್ರಯತ್ನಪಡುತ್ತೇನೆ.

ಅಮ್ಮ