ವಂಶಾವಳಿ ಬರೆಯುವವರು ಗಣತಿಯ ದಿನಾಂಕ ಗಮನಿಸಲಿ

ಮಾನ್ಯ ಸಂಪಾದಕರೇ,

ಮಲೆನಾಡಿನ ಹಲವು ಮನೆತನದವರು ವಂಶಾವಳಿ ಬರೆದಿಡುತ್ತಿರುವುದು ಸಂತೋಷದ ಸಂಗತಿ. ಆದರೆ ‘1961ರ ಜನಗಣತಿಯ ಪ್ರಕಾರ’ ಎಂದಷ್ಟೇ ಬರೆದು, ಆ ಲೆಕ್ಕ ಯಾವ ದಿನದ್ದೆಂಬುದನ್ನು ಬಿಟ್ಟರೆ ಇಸವಿಗಳು ತಾಳೆಯಾಗುವುದಿಲ್ಲ.

1951 ಮತ್ತು 1961ರ ಗಣತಿಗಳು ಆಯಾ ವರ್ಷದ ಮಾರ್ಚ್ 1ರ ಸೂರ್ಯೋದಯದ ಹೊತ್ತಿಗೆ ಇದ್ದ ಜನರ ಲೆಕ್ಕ. 1971ರದ್ದು ಏಪ್ರಿಲ್ 1ರದ್ದು. ಗಣತಿದಾರರು ಅದಕ್ಕೆ ಮೊದಲೇ ಮನೆಗೆ ಬಂದು ಬರೆದುಕೊಂಡಿದ್ದರೂ, ನಡುವೆ ಆದ ಜನನ–ಮರಣಗಳನ್ನು ಮತ್ತೊಮ್ಮೆ ಬಂದು ಸೇರಿಸಿ, ಕಳೆದು ಸರಿಪಡಿಸುತ್ತಿದ್ದರು. ಹಳೆಯ ಜಾತಕಗಳನ್ನು ಎದುರಿಗಿಟ್ಟುಕೊಂಡಾಗ ಈ ದಿನಾಂಕದ ಬೆಲೆ ತಿಳಿಯುತ್ತದೆ. ಅವುಗಳಲ್ಲಿ ಎದ್ದು ಕಾಣುವುದು ಸಂವತ್ಸರ, ಅದು ಬದಲಾಗುವುದು ಯುಗಾದಿಗೆ. 1961ರ ಗಣತಿ ಯುಗಾದಿಗೆ ಮುಂಚೆಯೇ, ಶಾರ್ವರಿ ಸಂವತ್ಸರದಲ್ಲಿ ಮುಗಿದಿತ್ತು. ಹೀಗಾಗಿ ಪ್ಲವ ಸಂವತ್ಸರದ ಚೈತ್ರದಲ್ಲಿ ಹುಟ್ಟಿದ ಮಗು, ಹುಟ್ಟಿದ್ದು 1961ರಲ್ಲೇ ಆದರೂ, ಆ ಲೆಕ್ಕದೊಳಗೆ ಇಲ್ಲ. 1971ರಲ್ಲಾದರೋ ಯುಗಾದಿ ಮಾರ್ಚ್ ಕೊನೆಗೆ ಬಂದು ಹೋಗಿದ್ದರಿಂದ ಗಣತಿ ಹೊಸ ಸಂವತ್ಸರಕ್ಕೆ ಸೇರಿತು.

ಶರಾವತಿ ಮುಳುಗಡೆಯ ಕುಟುಂಬಗಳಿಗೆ ಇದು ಇನ್ನೂ ಮುಖ್ಯ. ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡದ್ದು 1964ರಲ್ಲಿ. ಆದ್ದರಿಂದ ಸಾಗರ, ಹೊಸನಗರ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಜನ ತಮ್ಮ ಮನೆ, ತೋಟಗಳಲ್ಲಿದ್ದಾಗ ನಡೆದ ಕೊನೆಯ ಎಣಿಕೆ 1961ರದ್ದು. ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಹಳ್ಳಿವಾರು ಜನಸಂಖ್ಯೆ ಸಿಗುತ್ತದೆ. ಆದರೆ ಅಲ್ಲಿರುವುದು ಕಂದಾಯ ಗ್ರಾಮದ ಹೆಸರು. ನಾವು ಮನೆಯಲ್ಲಿ ಊರೆಂದು ಕರೆಯುವ ಮಜರೆಯ ಹೆಸರು ಹುಡುಕಿದರೆ ಸಿಗಲಿಕ್ಕಿಲ್ಲ. ಮೊದಲು ಹಳೆಯ ಪಹಣಿ ಅಥವಾ ಕ್ರಯಪತ್ರದಲ್ಲಿ ಕಂದಾಯ ಗ್ರಾಮ ಯಾವುದೆಂದು ನೋಡಿಕೊಳ್ಳಬೇಕು.

ಗಣತಿಯಲ್ಲಿ ಅಜ್ಜ ಅಜ್ಜಿಯರ ಹೆಸರು, ವಯಸ್ಸು ಸಿಕ್ಕೀತೆಂದು ಕಚೇರಿಗಳಿಗೆ ಅಲೆಯುವವರಿದ್ದಾರೆ. 1948ರ ಜನಗಣತಿ ಕಾಯ್ದೆಯಂತೆ ವ್ಯಕ್ತಿಗಳ ವಿವರ ಗೋಪ್ಯವಾದುದು. ಇಂಗ್ಲೆಂಡಿನಲ್ಲಿ 100 ವರ್ಷ, ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಅದನ್ನು ತೆರೆದು ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ಮುಂದಿನ ಗಣತಿಯ ಲೆಕ್ಕದ ದಿನವಾದ 2027ರ ಮಾರ್ಚ್ 1ರಂದು ಮನೆಯಲ್ಲಿದ್ದವರ ಹೆಸರು, ವಯಸ್ಸು, ಹುಟ್ಟಿದ ಊರುಗಳನ್ನು ಪ್ರತಿಯೊಂದು ಕುಟುಂಬವೂ ತನ್ನದೇ ಪುಸ್ತಕದಲ್ಲಿ ಬರೆದಿಡಲಿ. ಮುಳುಗಡೆ ಹಳ್ಳಿಗಳ 1961ರ ಅಂಕಿಗಳನ್ನು, ಗಣತಿಯ ದಿನಾಂಕ ಸಹಿತ, ತಾವು ತಾಲ್ಲೂಕುವಾರು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಸಾಗರ